ಡೊಂಬಯ್ಯನಿಗೆ ಹಾಕದ ಎಲೆ

ಮೇಜರ್ ಜನರಲ್ ಅಚ್ಚುತ ಗೌಡರು ನಿವೃತ್ತರಾಗಿ ಬೆಟ್ಟಂಪಾಡಿಗೆ ಮರಳಿದ್ದು ಅರುವತ್ತಾರನೆಯ ಇಸವಿಯ ಬೇಸಗೆಯಲ್ಲಿ. ಪುತ್ತೂರಿನಲ್ಲಿ ಅವರಿಗೆ ನಡೆದ ಸನ್ಮಾನವನ್ನು ಏನೆಂದು ಹೇಳುವುದು! ಹಾರ ಹಾಕಿದವರಲ್ಲಿ ಅರ್ಧ ಜನಕ್ಕೆ ಜನರಲ್ ಅಂದರೆ ಪೊಲೀಸ್ ಇನ್ಸ್‌ಪೆಕ್ಟರನಿಗಿಂತ ಮೇಲೋ ಕೆಳಗೋ ಎಂಬುದೇ ಗೊತ್ತಿರಲಿಲ್ಲ. ಆದರೂ ಭಾಷಣಕ್ಕೇನು ಬರಗಾಲ? ಬೋರ್ಡ್ ಶಾಲೆಯಲ್ಲಿ ಕಲಿತವರು ಬರ್ಮಾದಲ್ಲಿ ಜಪಾನಿಯರ ಎದುರು ನಿಂತದ್ದು, ನಲವತ್ತೆಂಟರಲ್ಲಿ ಕಾಶ್ಮೀರದ ಒಂದು ಗುಡ್ಡವನ್ನು ಮೂರು ದಿನ ನೀರಿಲ್ಲದೆ ಕಾದು ಪದಕ ಪಡೆದದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದರು. ಅರುವತ್ತೆರಡರ ಚೀನಾ ಯುದ್ಧಕ್ಕೆ ಬಂದಾಗ ಮಾತ್ರ ಗಂಟಲು ಸರಿಮಾಡಿಕೊಂಡು ಮುಂದೆ ದಾಟಿದರು. ಜನರಲ್ಲರು ತಲೆ ತಗ್ಗಿಸಿ ಕುಳಿತಿದ್ದರು. ಎಂಥ ವಿನಯ ಎಂದು ಜನ ಮೆಚ್ಚಿಕೊಂಡರು. ವಿನಯವಂತೆ! ಸಭೆಗೆ ದೇವಮ್ಮ ಬಂದಿರದಿದ್ದರೆ ಸಾಕಪ್ಪಾ ಎಂದು ಅವರು ಕಂಡ ದೈವಗಳಿಗೆಲ್ಲ ಕೈಮುಗಿಯುತ್ತಿದ್ದರು.

ದೇವಮ್ಮ ಇಚಿಲಂಪಾಡಿಯವಳು, ಅವರ ಜೊತೆಗೇ ಶಾಲೆಗೆ ಹೋದ ವೆಂಕಪ್ಪನ ವಿಧವೆ. ಐವತ್ತೈದರಲ್ಲಿ ರಜೆಗೆ ಬಂದಾಗ ಅವಳ ಒಬ್ಬನೇ ಮಗ ಡೊಂಬಯ್ಯನನ್ನು ಸೈನ್ಯಕ್ಕೆ ಸೇರಿಸಿದ್ದು ಇವರೇ. ನನ್ನ ಕಣ್ಣೆದುರೇ ಇರುತ್ತಾನೆ, ಹೆದರಬೇಡ ಎಂದು ಮಾತು ಕೊಟ್ಟಿದ್ದರು. ಮಾತಿನಂತೆ ತಮ್ಮ ಸೇವೆಗೇ ಇಟ್ಟುಕೊಂಡಿದ್ದರು. ಅವನು ಅವರ ಬೂಟು ತಿಕ್ಕಿದ, ಚಹಾ ಕಾಯಿಸಿದ, ಅವರ ಪಕ್ಕದಲ್ಲೇ ಬಂದೂಕು ಹಿಡಿದ. ಅರುವತ್ತೆರಡರಲ್ಲಿ ಪತ್ತೆಯಿಲ್ಲದವರ ಪಟ್ಟಿಗೆ ಸೇರಿದ.

ಪತ್ತೆಯಿಲ್ಲವೆಂದು ಸರ್ಕಾರ ಬರೆಯಿತು. ಅದರ ಬೆನ್ನಿಗೇ ಜನರಲ್ಲರೂ ಕಾಗದ ಬರೆದರು. ಶತ್ರುಗಳು ಹಿಡಿದಿಟ್ಟವರು ಒಬ್ಬೊಬ್ಬರೇ ಬಿಡುಗಡೆಯಾಗುತ್ತಿದ್ದಾರೆ, ಆಸೆ ಬಿಡಬೇಡ ಎಂದು. ಮರುವರ್ಷವೂ ಅದೇ ಮಾತು, ಅದರ ಮರುವರ್ಷವೂ ಅದೇ. ಹೆತ್ತ ಕರುಳಿಗೆ ಒಂದಿಷ್ಟು ತಂಪಾಗಲಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮೂವತ್ತು ವರ್ಷ ಹೊರಗೆ ತಿರುಗಿದ ಮನುಷ್ಯನಿಗೆ ಊರಿನ ಕ್ರಮ ಮರೆತೇ ಹೋಗಿತ್ತು ನೋಡಿ.

ಮಳೆಗಾಲದ ಆಟಿ ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ, ಬಟ್ಟೆಯ ಗಂಟು ಹೊತ್ತು ಮನೆಮನೆ ತಿರುಗುವ ಮೊಯ್ದಿನಬ್ಬ ಬಂದು, ದೇವಮ್ಮ ಕರೆದಿದ್ದಾಳೆ ಎಂದ. ಜನರಲ್ಲರು ಕಾಲುನೋವಿನ ನೆಪ ತೆಗೆದರು. ಮೊಯ್ದಿನಬ್ಬ ಬಿಡುವ ಆಸಾಮಿಯೇ ಅಲ್ಲ. ಆ ಹೆಂಗಸು ಊಟ ಬಿಟ್ಟಿದ್ದಾಳೆ, ನೀವು ಹೋಗದಿದ್ದರೆ ಅವಳೇ ನಡೆದುಕೊಂಡು ಬರುತ್ತಾಳೆ ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತೇ ಬಿಟ್ಟ. ಗುಂಡಿಗೆ ಎದೆಯೊಡ್ಡಿದ್ದ ಮನುಷ್ಯ ಒಬ್ಬ ಮುದುಕಿಯ ಮುಂದೆ ನಿಲ್ಲಲು ಹೆದರುತ್ತಲೇ ಹೊರಟರು.

ಇಚಿಲಂಪಾಡಿಯ ಮನೆಯಲ್ಲಿ ಕೋಳಿ ಪದಾರ್ಥದ, ರೊಟ್ಟಿಯ ಪರಿಮಳ ತುಂಬಿತ್ತು. ಆಟಿಯಲ್ಲಿ ಮನೆಯ ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೆದು, ಅವರು ಉಂಡು ಮುಗಿಸುವವರೆಗೆ ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ದೇವಮ್ಮ ಒಳಕೋಣೆಯಲ್ಲಿ ಅತ್ತೆಗೆ, ಮಾವನಿಗೆ, ಗಂಡನಿಗೆಂದು ಮೂರು ಎಲೆ ಹಾಕಿದ್ದಳು. ನಾಲ್ಕನೆಯದು ಅವಳ ಕೈಯಲ್ಲೇ ಇತ್ತು. ಊರಿಗೆಲ್ಲ ಅವರು ಜನರಲ್ಲರಾದರೂ ಅವಳಿಗೆ ಇಂದಿಗೂ ಅಚ್ಚುತಣ್ಣ.

"ಅಚ್ಚುತಣ್ಣ, ಬದುಕಿದ್ದವನಿಗೆ ಎಲೆ ಹಾಕಿದ್ರೆ ಅವನ ಆಯುಷ್ಯಕ್ಕೆ ಕೇಡು. ಸತ್ತವನಿಗೆ ಹಾಕದಿದ್ರೆ ಅವ ಹಸಿದುಕೊಂಡು ತಿರುಗುದು. ಇದು ನಾಲ್ಕನೇ ಆಟಿ, ನಾನು ಹೀಗೆ ಎಲೆ ಹಿಡ್ಕೊಂಡು ನಿಲ್ಲುದು. ಎಂತ ಮಾಡುದು, ನೀವೇ ಹೇಳಿ."

ಜನರಲ್ಲರಿಗೆ ಈಗ ಹೊಳೆಯಿತು. ಅಯ್ಯೋ, ತಂಪಾಗಲಿ ಎಂದು ಬರೆದ ಒಂದೊಂದು ಕಾಗದವೂ ಸತ್ತವನ ಬಾಯಿಯ ತುತ್ತು ಕಸಿದುಕೊಂಡಿತ್ತು.

"ಅವ ಇಲ್ಲ, ದೇವಮ್ಮ. ಅಂದೇ ಹೋದ."

ಹೇಗೆ ಗೊತ್ತು ಎಂದು ಅವಳು ಕೇಳಿದಳು. ಆಗ ಎಲ್ಲವೂ ಹೊರಬಂತು. ಹಿಂದೆ ಸರಿಯುವಾಗ ಡೊಂಬಯ್ಯನ ತೊಡೆಗೆ ಗುಂಡು ಬಿದ್ದಿತ್ತು. ಒಂದು ಹಗಲಿಡೀ ಜೊತೆಯ ಸೈನಿಕರು ಅವನನ್ನು ಹೊತ್ತುಕೊಂಡು ನಡೆದರು. ಹೊತ್ತವರೇ ಹಿಮದಲ್ಲಿ ಕುಸಿಯತೊಡಗಿದಾಗ ಜನರಲ್ಲರು ಅವನನ್ನು ಬಂಡೆಯ ಮರೆಯಲ್ಲಿ ಕೂರಿಸಿ ತಮ್ಮ ಕೋಟು ಹೊದಿಸಿದರು. ಉಳಿದ ನೂರು ಜನರನ್ನು ಕೆಳಗೆ ಇಳಿಸಬೇಕಿತ್ತು, ಇಳಿಸಿದರು. ಅಷ್ಟರಲ್ಲಿ ಮೇಲಿನ ದಾರಿ ಶತ್ರುವಿನ ಕೈಗೆ ಹೋಗಿತ್ತು. ಆ ಚಳಿಯಲ್ಲಿ ಗಾಯಾಳು ಒಂದು ರಾತ್ರಿಯೂ ಉಳಿಯುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೂರು ಜನರನ್ನು ಉಳಿಸಿದ್ದಕ್ಕೆ ಮೆಚ್ಚುಗೆ ಬಂತು, ಬಡ್ತಿ ಬಂತು, ಬ್ರಿಗೇಡಿಯರ್ ಇದ್ದವರು ಜನರಲ್ ಆದರು. ಬಿಟ್ಟು ಬಂದ ಒಬ್ಬನ ವಿಷಯ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಶಪಿಸಿದ್ದರೆ ಅವರಿಗೆ ಹಗುರಾಗುತ್ತಿತ್ತೋ ಏನೋ. ದೇವಮ್ಮ ಶಪಿಸಲಿಲ್ಲ. ಕೊನೆಗೆ ಏನು ತಿಂದಿದ್ದ ಎಂದಷ್ಟೇ ಕೇಳಿದಳು. ಎರಡು ದಿನದಿಂದ ಯಾರಿಗೂ ಏನೂ ಸಿಕ್ಕಿರಲಿಲ್ಲ ಎಂದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ವೆಂಕಪ್ಪನ ಎಲೆಯ ಪಕ್ಕದಲ್ಲಿ ಮಗನ ಎಲೆ ಹಾಕಿ, ರೊಟ್ಟಿಯ ಮೇಲೆ ರೊಟ್ಟಿ ಇಟ್ಟು, ಪದಾರ್ಥವನ್ನು ಎಲೆ ತುಂಬಿ ಹರಿಯುವಷ್ಟು ಬಡಿಸಿದಳು.

"ಬಿಟ್ಟು ಬರುವಾಗ ಅವನಿಗೆ ಎಂತ ಹೇಳಿದ್ರಿ?"

"ನಾನು ಬಂದು ಕರೆಯುವವರೆಗೆ ಏಳಬೇಡ ಅಂದೆ. ಆಯ್ತು ಸಾಬ್ ಅಂದ."

"ಹಾಗಾದ್ರೆ ನಾನು ಕರೆದ್ರೆ ಅವ ಬರುದಿಲ್ಲ. ನಿಮ್ಮ ಮಾತು ಮೀರುವವನಲ್ಲ, ಈಗಲೂ ಅಲ್ಲೇ ಕೂತಿರ್ತಾನೆ. ನೀವೇ ಕರೀರಿ, ಅಚ್ಚುತಣ್ಣ."

ಸಾವಿರಾರು ಜನರಿಗೆ ಅಪ್ಪಣೆ ಕೊಟ್ಟ ಗಂಟಲು ಅದು. ಜನರಲ್ಲರು ಎಲೆಯ ಮುಂದೆ ಮಂಡಿಯೂರಿ, ಎರಡೂ ಕೈಯನ್ನು ನೆಲಕ್ಕೆ ಕೊಟ್ಟರು.

"ಡೊಂಬಯ್ಯ, ಏಳು ಮಗ. ಕರೀಲಿಕ್ಕೆ ಬಂದಿದ್ದೇನೆ. ತಡ ಆಯ್ತು ನಂದು. ಊಟಕ್ಕೆ ಬಾ."

ದೇವಮ್ಮ ಬಾಗಿಲು ಮುಚ್ಚಿದಳು. ಇಬ್ಬರೂ ಜಗಲಿಯಲ್ಲಿ ಕುಳಿತರು. ಜನರಲ್ಲರು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ವಾಡಿಕೆಯ ಹೊತ್ತು ಮೀರಿದ ಮೇಲೆ ಕಣ್ಣೊರೆಸಿಕೊಂಡು ಬಾಗಿಲು ತೆರೆಯಲೆಂದು ಎದ್ದರು. ದೇವಮ್ಮ ಕೈ ಅಡ್ಡ ಹಿಡಿದಳು.

"ಈಗ ಬೇಡ. ನಾಲ್ಕು ವರ್ಷದ ಹಸಿವು ಉಂಟು ಅವನಿಗೆ. ನಿಧಾನ ಉಣ್ಣಲಿ."