ಸಮಾಧಿಯ ಬಳಿ ಎತ್ತಿದ ಬೆರಳು

ಸ್ವಂತ ಮಗಳನ್ನು ಮಣ್ಣು ಮಾಡುವ ಹೊತ್ತಿನಲ್ಲಿ ಮೇಷ್ಟ್ರು ಬೆರಳೆತ್ತಿಬಿಟ್ಟರು. ಬೇಕೆಂದು ಎತ್ತಿದ್ದಲ್ಲ. ವರ್ಷಗಟ್ಟಲೆ ಎತ್ತಿ ಎತ್ತಿ ಆ ಬೆರಳು ಅವರನ್ನು ಕೇಳುವುದನ್ನೇ ಬಿಟ್ಟಿತ್ತು.

ಪಾಸ್ಟರ್ ಆಗಬೇಕೆಂದು ಬರುವ ಹುಡುಗರಿಗೆ ದೇವಶಾಸ್ತ್ರ ಕಲಿಸುವ ಕಾಲೇಜೊಂದರಲ್ಲಿ ಅವರು ಮೇಷ್ಟ್ರು. ಅವರ ವಿಷಯ ಕ್ರೈಸ್ತ ನಿರೀಕ್ಷೆ, ಅಂದರೆ ಸಾವು, ಪುನರುತ್ಥಾನ, ಬರಲಿರುವ ಲೋಕ. ಹುಡುಗರು ಅದನ್ನು ಹಿಂದಿನಿಂದ ಸಾವಿನ ಪೀರಿಯಡ್ಡು ಎನ್ನುತ್ತಿದ್ದರು. ಪುಸ್ತಕದ ಪಾಠವಾದ ಮೇಲೆ ಶವಸಂಸ್ಕಾರದ ಅಭ್ಯಾಸವೂ ಇರುತ್ತಿತ್ತು. ಅದಕ್ಕೆಂದೇ ಉಗ್ರಾಣದಲ್ಲಿ ಒಂದು ಖಾಲಿ ಶವಪೆಟ್ಟಿಗೆ ಇತ್ತು. ಉಳಿದ ದಿನಗಳಲ್ಲಿ ಹಾಸ್ಟೆಲ್ ವಾರ್ಡನ್ ಅದರೊಳಗೆ ವಾಲಿಬಾಲು, ನೆಟ್ಟು ತುಂಬಿಡುತ್ತಿದ್ದ. ಅಭ್ಯಾಸದ ದಿನ ಅದನ್ನು ಒರೆಸಿ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿಟ್ಟರೆ, ಹುಡುಗರು ಒಬ್ಬೊಬ್ಬರಾಗಿ ಬಂದು ಇಲ್ಲದ ಹೆಣದ ಮುಂದೆ ಪ್ರಸಂಗ ಮಾಡಬೇಕು. ಮೇಷ್ಟ್ರು ಮುಂದಿನ ಬೆಂಚಿನಲ್ಲಿ, ಸತ್ತವರ ಮನೆಯವರು ಕೂರುವ ಜಾಗದಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದರು. ಹುಡುಗನ ಬಾಯಲ್ಲಿ ಒಂದು ಹಗುರವಾದ ಸಾಂತ್ವನ ಬಂತೋ, ಬೆರಳು ಮೇಲೆದ್ದಿತು ಎಂದೇ ಲೆಕ್ಕ. ಅವನು ಅಲ್ಲೇ ಮಾತು ನಿಲ್ಲಿಸಿ, ಪುಸ್ತಕ ಮುಚ್ಚಿ, ಪ್ರಶ್ನೆಗೆ ಕಾಯಬೇಕು. ಪ್ರಶ್ನೆ ಯಾವಾಗಲೂ ಒಂದೇ: "ನಿನಗೆ ಹೇಗೆ ಗೊತ್ತು?"

"ದುಃಖದಲ್ಲಿರೋರ ಮೂಗಿಗೆ ತುಪ್ಪ ಸವರಬೇಡ್ರಪ್ಪ," ಎನ್ನುತ್ತಿದ್ದರು. "ನಿಮ್ಮ ಎದೆಯಲ್ಲಿ ಇಲ್ಲದ್ದು ನಾಲಿಗೆ ಮೇಲೆ ಬರಬಾರದು."

ಹಾಗೆ ಹೇಳಲು ಅವರಿಗೆ ಕಾರಣವಿತ್ತು. ಅವರ ತಾಯಿಯನ್ನು ಮಣ್ಣು ಮಾಡಿದ ಪಾದ್ರಿಗೆ ಆಕೆಯ ಹೆಸರೇ ಗೊತ್ತಿರಲಿಲ್ಲ. ಸ್ವರ್ಗದ ವರ್ಣನೆಯನ್ನು ಮಾತ್ರ ಸಂತೆಯಲ್ಲಿ ಮಾರುವವನ ಗಂಟಲಲ್ಲಿ ಮಾಡಿ ಹೋಗಿದ್ದ. ಅಂಥ ಪಾದ್ರಿಗಳು ತಮ್ಮ ಕೈಯಿಂದ ಹೊರಬೀಳಬಾರದೆಂದು ಮೇಷ್ಟ್ರು ಹಟ ತೊಟ್ಟಿದ್ದರು. ಹಟವೇನೋ ಒಳ್ಳೆಯದೇ. ಅದು ತಿರುಗಿ ಯಾರ ಮನೆಗೆ ಬರುತ್ತದೆ ಎಂದು ಅವರಾದರೂ ಹೇಗೆ ಊಹಿಸಬೇಕಿತ್ತು?

ಮಗಳಿಗೆ ಬಂದದ್ದು ಬರೀ ಜ್ವರ. ಮನೆಯಲ್ಲಿ ಅವಳನ್ನು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟರೆ ಶುರು, ಬಚ್ಚಲಿನಿಂದಲೂ ಮಾತು. ಆ ಹುಡುಗಿ ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಾತಿಲ್ಲದೆ ಮಲಗಿ, ಮಾತಿಲ್ಲದೆ ಹೋದಳು.

ಶವಸಂಸ್ಕಾರಕ್ಕೆ ಬಂದ ಪಾಸ್ಟರ್ ಮೇಷ್ಟ್ರ ಹಳೆಯ ಶಿಷ್ಯರೇ. ಓದುವಾಗ ಈ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವರು, ಮಾತಿನಮಲ್ಲಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಪೆಟ್ಟಿಗೆ ಗುಂಡಿಗಿಳಿಯಿತು. ಪಾಸ್ಟರ್, "ಈ ಮಗುವನ್ನು ನಾವು ಮತ್ತೆ..." ಎಂದರು. ಬೆರಳು ಎದ್ದಿತು.

ಪಾಸ್ಟರ್ ಗಕ್ಕನೆ ನಿಂತರು. ಕಲಿತದ್ದು ಎಲ್ಲಿಗೆ ಹೋದೀತು? ಪುಸ್ತಕ ಮುಚ್ಚಿ ಪ್ರಶ್ನೆಗೆ ಕಾದರು. ಗುಂಡಿ ತೋಡುವವರು ಪುಸ್ತಕ ಮುಚ್ಚಿದ್ದನ್ನು ನೋಡಿ ಪ್ರಾರ್ಥನೆ ಮುಗಿಯಿತೆಂದುಕೊಂಡು ಮಣ್ಣು ತಳ್ಳಲು ಶುರುಮಾಡಿದರು. ಆ ಸದ್ದಿನ ಮೇಲೆ ಯಾರು ಏನು ಮಾತಾಡುತ್ತಾರೆ? ವಾಕ್ಯ ಅರ್ಧಕ್ಕೇ ಉಳಿಯಿತು.

ಮೇಷ್ಟ್ರ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಎಲ್ಲರಿಗೂ ಅವರು ಟೀಚರಮ್ಮ. ಆಸ್ಪತ್ರೆಯಲ್ಲಿ ಅವರು ಅತ್ತಿರಲಿಲ್ಲ, ಸಮಾಧಿಯ ಬಳಿಯೂ ಅಳಲಿಲ್ಲ. ಗಂಡನ ಎತ್ತಿದ ಬೆರಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಬಟ್ಟೆ ಒಗೆದರು, ಶಾಲೆಗೆ ಹೋದರು, ಉತ್ತರಪತ್ರಿಕೆ ತಿದ್ದಿದರು. ತಟ್ಟೆಗೆ ಬಡಿಸಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು.

ಆ ಅರ್ಧ ವಾಕ್ಯವೇ ಹೆಂಡತಿಯನ್ನು ತಿನ್ನುತ್ತಿದೆ ಎಂದು ಮೇಷ್ಟ್ರಿಗೆ ಅನ್ನಿಸಿತು. ತಾವೇ ಮುಗಿಸಲು ಒಂದು ದಿನ ಊಟದ ಮೇಜಿನ ಮುಂದೆ ಕೂತು, "ನೋಡು, ನಿರೀಕ್ಷೆ ಅನ್ನೋದು ಆಸೆ ಅಲ್ಲ. ಅದು..." ಎಂದು ಶುರುಮಾಡಿದರು.

"ರೀ, ನಾನು ನಿಮ್ಮ ಕ್ಲಾಸಿನ ಹುಡುಗ ಅಲ್ಲ," ಎಂದು ಟೀಚರಮ್ಮ ತಟ್ಟೆ ಎತ್ತಿಕೊಂಡು ಎದ್ದರು.

ಮೇಷ್ಟ್ರು ಪಾಸ್ಟರರ ಮನೆಗೆ ಹೋದರು. "ಒಂದ್ಸಲ ಮನೆಗೆ ಬಂದು ಆ ಮಾತು ಮುಗಿಸಿಬಿಡಿ. ಅವಳಿಗೆ ಅದು ಬೇಕು," ಎಂದರು.

"ನನ್ನ ಬಾಯಿಂದ ಯಾಕೆ ಸಾರ್? ನೀವು ಹೇಳಿದ್ರೆ ಮೇಡಂಗೆ ಇನ್ನೂ ಸಮಾಧಾನ."

ಸುಳ್ಳು ಹೇಳಿ ಮೇಷ್ಟ್ರಿಗೆ ಅಭ್ಯಾಸವಿರಲಿಲ್ಲ. "ನನ್ನ ಹತ್ರ ಆ ನಿರೀಕ್ಷೆ ಇಲ್ಲ ಕಣಪ್ಪ," ಎಂದರು. "ಆಸ್ಪತ್ರೆಯಲ್ಲಿ ಮಗಳ ಉಸಿರು ನಿಂತಾಗ ಒಳಗೆ ತಡಕಾಡಿ ನೋಡಿದೆ. ಪಾಠ ಎಲ್ಲಾ ಇತ್ತು. ಅದು ಮಾತ್ರ ಇರಲಿಲ್ಲ. ಯಾವತ್ತಿಂದ ಇಲ್ಲವೋ ಅದೂ ಗೊತ್ತಿಲ್ಲ."

ಪಾಸ್ಟರ್ ಸಾವಿನ ಮನೆಗಳಲ್ಲಿ ನಿಂತು ಧೈರ್ಯದಿಂದ ಆಡಿದ ಮಾತೆಲ್ಲ ಈ ಮನುಷ್ಯ ಕಲಿಸಿದ್ದು. ಆದರೂ ಮರುದಿನ ಮಧ್ಯಾಹ್ನ ಬಂದರು.

ಟೀಚರಮ್ಮ ಕುರ್ಚಿ ಎಳೆದು ಹಾಕಿದರು. ಪಾಸ್ಟರ್ ಕೂರಲಿಲ್ಲ. ಬಾಗಿಲ ಬಳಿ ನಿಂತ ಮೇಷ್ಟ್ರ ಕಡೆ ನೋಡದೆ, "ಮೇಡಂ, ಆವತ್ತು ಅರ್ಧಕ್ಕೆ ನಿಲ್ಲಿಸಿದ್ದು ನನ್ನ ತಪ್ಪು. ನಮ್ಮ ಹುಡುಗೀನ ನೀವು ಮತ್ತೆ ನೋಡ್ತೀರಿ. ಇದನ್ನ ನಾನು ನಂಬ್ತೀನಿ," ಎಂದರು. ಚೆನ್ನಾಗಿಯೇ ಹೇಳಿದರು. ಅದರಲ್ಲಿ ತುಪ್ಪವಿರಲಿಲ್ಲ.

"ಗೊತ್ತಪ್ಪ," ಎಂದರು ಟೀಚರಮ್ಮ. "ನೋಡ್ತೀನಿ. ಅವಳು ನನಗೆ ಬಾಯಿ ತೆರೆಯೋಕೂ ಬಿಡಲ್ಲ, ಅದೂ ಗೊತ್ತು. ಆ ಅನುಮಾನ ನನಗೆ ಯಾವತ್ತೂ ಇರಲಿಲ್ಲ."

ಮೇಷ್ಟ್ರು ತಬ್ಬಿಬ್ಬಾದರು. "ಮತ್ತೆ ಇಷ್ಟು ದಿನ ಯಾಕೆ ಹೀಗಿದ್ದೆ? ಆ ಮಾತು ಕೇಳಲಿಲ್ಲ ಅಂತ ಅಲ್ವಾ?"

"ಆ ಮಾತು ನಿಲ್ಲಿಸಿದಾಗ ನಿಮ್ಮ ಮುಖ ನೋಡಿದೆ ನಾನು. ಅಲ್ಲಿ ಏನೂ ಇರಲಿಲ್ಲ." ಟೀಚರಮ್ಮ ಗಂಡನ ಕಡೆ ತಿರುಗಿದರು. "ಅವಳು ಸಿಕ್ಕಿದ ತಕ್ಷಣ ಮೊದಲು ಕೇಳೋದೇ ಅಪ್ಪ ಎಲ್ಲಿ ಅಂತ. ನಾನು ಏನು ಹೇಳ್ಲಿ? ನೀವೂ ಅಲ್ಲಿಗೆ ಬರ್ತೀರಾ, ಇಲ್ವಾ? ಅಷ್ಟು ಹೇಳಿ ಸಾಕು."

ಬರ್ತೀನಿ ಎಂದರೆ ಮುಗಿಯುತ್ತಿತ್ತು. ಚಿಕ್ಕ ಮಾತು. ಪಾಸ್ಟರ್ ಕೂಡ ಕಣ್ಣಿನಲ್ಲೇ ಬೇಡಿದರು, ಹೇಳಿಬಿಡಿ ಸಾರ್ ಎಂದು. ಮೇಷ್ಟ್ರು ಬಾಯಿ ತೆರೆದರು. ಎದೆಯಲ್ಲಿ ಇಲ್ಲದ್ದು ನಾಲಿಗೆಗೆ ಬರಲಿಲ್ಲ. ಹೆಂಡತಿಯ ಮುಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

ಟೀಚರಮ್ಮ ಬಹಳ ಹೊತ್ತು ಕಾದರು. ಆಮೇಲೆ, ಮಗಳು ಸತ್ತಾಗ ಅಳದಿದ್ದ ಆಕೆ, ಜೀವಂತ ನಿಂತಿದ್ದ ಗಂಡನನ್ನು ನೋಡಿಕೊಂಡು ಗೋಳೋ ಎಂದು ಅತ್ತರು.