ಕೋರಾ ಬಟ್ಟೆಯ ಒಳಮೈ

ಬಾರ್ನೆಟ್ ಕ್ರಾವಿಟ್ಜ್ ಮೂರು ವಾರದಿಂದ ಬಾಯಿ ಬಿಗಿಹಿಡಿದುಕೊಂಡಿದ್ದ. ಅರವತ್ತಮೂರು ವರ್ಷದ ಆ ಕಟಿಂಗ್ ಮಾಸ್ಟರನಿಗೆ ಅದು ಸುಲಭದ ಕೆಲಸವಲ್ಲ. ಲಂಡನ್ನಿನ ವೈಟ್‌ಚಾಪೆಲ್‌ನ ಕೋಟಿನ ಕಾರ್ಖಾನೆಗಳಲ್ಲಿ ಅವನ ಬಾಯಿಗೆ ಹೆದರದ ಮಾಲೀಕನಿರಲಿಲ್ಲ. ಆದರೆ ಈ ಸಲ ಹಟ ಹಿಡಿದಿದ್ದ. ಕಡುಗೆಂಪು ಮಖಮಲ್ಲಿನ ಗೌನು ಇವತ್ತು ಮಧ್ಯಾಹ್ನ ಮೂರರ ಪ್ರದರ್ಶನದಲ್ಲಿ ತುಂಬಿದ ಸಭೆಯ ಮುಂದೆ ಮಾನ ಕಳೆಯಲಿದೆ ಎನ್ನುವುದು ಅವನಿಗೆ ಗೊತ್ತಿತ್ತು. ಅದನ್ನು ರೂಪಿಸಿದ ನೆಸ್ಟಾ ಪ್ರೋಬರ್ಟ್‌ಗೆ ಗೊತ್ತಿರಲಿಲ್ಲ.

ನೆಸ್ಟಾ ಹದಿನೇಳರ ಹುಡುಗಿಯಾಗಿದ್ದಾಗಿನಿಂದ ಅವನು ಅವಳನ್ನು ಬಲ್ಲ. ವೇಲ್ಸಿನ ಕಲ್ಲಿದ್ದಲ ಗಣಿಯ ಊರಿನಿಂದ ರಟ್ಟಿನ ಪೆಟ್ಟಿಗೆ ಹಿಡಿದು ಬಂದವಳು, ಅವನ ಮೇಜಿನ ಪಕ್ಕ ನಿಂತು ಕತ್ತರಿ ಹಿಡಿಯುವುದನ್ನು ಕಲಿತಳು. ಕಲಿತದ್ದನ್ನೆಲ್ಲ ಮುರಿದೂ ಹಾಕಿದಳು. ಉಡುಪೆಂದರೆ ಒಂದು ಮುಂಭಾಗ, ಒಂದು ಹಿಂಭಾಗ, ಎರಡು ತೋಳು ಎಂದು ಲಂಡನ್ನಿಗೆ ಲಂಡನ್ನೇ ನಂಬಿ ಕೂತಿದ್ದಾಗ, ಇವಳು ಸೇಬಿನ ಸಿಪ್ಪೆಯನ್ನು ತುಂಡಾಗದಂತೆ ಸುಲಿದ ಹಾಗೆ ಒಂದೇ ಬಟ್ಟೆಯನ್ನು ಮೈಸುತ್ತ ಇಳಿಸಿ ಒಂದೇ ಹೊಲಿಗೆಯಲ್ಲಿ ನಿಲ್ಲಿಸಿದಳು. ಆ ಒಂಟಿ ಹೊಲಿಗೆಯ ಕೋಟು ತೊಟ್ಟು ಟೈಪಿಸ್ಟ್ ಹುಡುಗಿಯರು ಬಸ್ಸು ಹತ್ತಿದರು, ದೊಡ್ಡ ಮನೆಯ ಹೆಂಗಸರು ಕುದುರೆ ಪಂದ್ಯಕ್ಕೆ ಹೋದರು. ತನ್ನದೇ ಫ್ಯಾಷನ್ ಮನೆ ತೆರೆದ ದಿನವೇ ಬಾರ್ನೆಟ್‌ನನ್ನು ಕರೆಸಿಕೊಂಡಳು.

ಅದೆಲ್ಲ ಹತ್ತು ವರ್ಷದ ಹಿಂದಿನ ಮಾತು. ಈಗ 1974. ಹಿಂದಿನ ಎರಡು ಪ್ರದರ್ಶನ ನೆಲ ಕಚ್ಚಿದ್ದವು. ನೆಸ್ಟಾಳ ಕತ್ತರಿ ಮೊಂಡಾಗಿದೆ ಎಂದು ಪತ್ರಿಕೆಯವರು ಬರೆದು ಕೈತೊಳೆದುಕೊಂಡಿದ್ದರು. ಇದೂ ಹೋದರೆ ಗ್ರೇಟ್ ಟಿಚ್‌ಫೀಲ್ಡ್ ಬೀದಿಯ ಆ ಮನೆಯ ಬಾಗಿಲ ಮೇಲಿನ ಅವಳ ಹೆಸರು ಇಳಿಯುವುದು ಖಂಡಿತ, ಅದರ ಹಿಂದೆಯೇ ಹೊಲಿಗೆಯ ಹನ್ನೊಂದು ಜನ ಹೆಂಗಸರೂ ಬೀದಿಗೆ ಬೀಳುವುದು ಖಂಡಿತ. ಎಲ್ಲರ ಆಸೆಯೂ ಪ್ರದರ್ಶನದ ಕೊನೆಯಲ್ಲಿ ಬರುವ ಆ ಕಡುಗೆಂಪು ಗೌನಿನ ಮೇಲಿತ್ತು.

ಮೂರು ವಾರದ ಹಿಂದೆ ಆ ಗೌನಿನ ಮಾದರಿಯನ್ನು ಕೋರಾ ಬಟ್ಟೆಯಲ್ಲಿ ಹೊಲಿದು ದರ್ಜಿಯ ಗೊಂಬೆಗೆ ತೊಡಿಸಿದ್ದರು. ಮೊದಲು ಅಗ್ಗದ ಕೋರಾದಲ್ಲಿ ನೋಡಿ, ಆಮೇಲೆ ನಿಜವಾದ ಬಟ್ಟೆಗೆ ಕತ್ತರಿ ಹಾಕುವುದು ಈ ಕಸುಬಿನ ಕ್ರಮ. ಕೋರಾದಲ್ಲಿ ಅದು ಸೊಗಸಾಗಿಯೇ ಇತ್ತು. ನೆಸ್ಟಾ ಮಖಮಲ್ಲು ಎಂದಾಗ ಮಾತ್ರ ಬಾರ್ನೆಟ್ ತಲೆಯೆತ್ತಿದ. ಮಖಮಲ್ಲಿಗೆ ಬೆಕ್ಕಿನ ಮೈಯಂತೆ ಸಣ್ಣ ಕೂದಲಿನ ನವಿರಿದೆ, ನವಿರಿಗೊಂದು ದಿಕ್ಕಿದೆ. ನವಿರು ಮೇಲ್ಮುಖವಾಗಿದ್ದರೆ ಬಣ್ಣ ಗಾಢ, ಕೆಳಮುಖವಾಗಿದ್ದರೆ ಪೇಲವ. ಮೈಸುತ್ತ ತಿರುಗುವ ಉಡುಪಿನಲ್ಲಿ ಅದೂ ತಿರುಗಿ, ಹೊಲಿಗೆಯ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು ಬಣ್ಣವಾಗುತ್ತದೆ. ಕೋರಾ ಬಟ್ಟೆಗೆ ನವಿರೇ ಇಲ್ಲ. ಅದು ಈ ಗುಟ್ಟು ಬಿಟ್ಟುಕೊಡುವುದಿಲ್ಲ.

ಇದಕ್ಕೆ ಮಖಮಲ್ಲು ಆಗಲ್ಲ ಎಂದು ಅವನು ಹೇಳಲು ಹೊರಟದ್ದು ನಿಜ. ನಿದ್ದೆಗೆಟ್ಟು ಕೆರಳಿದ್ದ ನೆಸ್ಟಾ ಮಾತು ಮುಗಿಸಗೊಡಲಿಲ್ಲ.

"ಬಾರ್ನೆಟ್, ಕತ್ತರಿ ನಿಮ್ದು, ತಲೆ ನಂದು. ಕಾಲರ್ ಕೋಟು ಕತ್ತರಿಸ್ಕೊಂಡು ಬಂದೋರು ನನಗೆ ಪಾಠ ಹೇಳೋದು ಬೇಡ."

ಹೊಲಿಗೆಯ ಮೇಜಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಆ ನಗು ಅವನಿಗೆ ಸೂಜಿಯಂತೆ ನಾಟಿತು. ಮಾದರಿಯನ್ನು ಗೊಂಬೆಯಿಂದ ಬಿಚ್ಚಿ, ಅದರ ಒಳಮೈಗೆ ಗುರುತು ಹಾಕಲು ಕೂತ. ಅಳಿಸಲಾಗದ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿದರೆ ನೇರಳೆ ಮೂಡುತ್ತದೆ. ನಲವತ್ತೈದು ವರ್ಷದಿಂದ ಅವನ ನಾಲಿಗೆಯೇ ನೇರಳೆ. ಬಾಣ, ಅಂಕಿ, ಮಡಿಕೆಯ ಗೆರೆ ಎಲ್ಲ ಹಾಕಿದ ಮೇಲೆ ಬೆನ್ನಿನ ಎಡ ಹೆಗಲ ಕೆಳಗೆ ಹೆಬ್ಬೆರಳಗಲದ ಅಕ್ಷರಗಳಲ್ಲಿ ಇನ್ನೂ ಒಂದು ಸಾಲು ಬರೆದ. 'ಮಖಮಲ್ಲು ಬೇಡ. ಬಣ್ಣ ತಿರುಗುತ್ತೆ. ನಾನು ಹೇಳಲ್ಲ.' ಯಾರೂ ನೋಡದ ಜಾಗದಲ್ಲಿ ಸಿಟ್ಟು ಕಾರಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದ. ಅಂದಿನಿಂದ ಅವಳನ್ನು ನೆಸ್ಟಾ ಎನ್ನುವುದು ಬಿಟ್ಟು ಮೇಡಮ್ ಎನ್ನತೊಡಗಿದ. ಮಖಮಲ್ಲನ್ನು ಮಾತ್ರ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಿದ. ಆ ಮನೆಯಲ್ಲಿ ಇನ್ನೊಂದು ನೇಮವಿತ್ತು: ಕೊನೆಯ ಗೌನನ್ನು ಪ್ರದರ್ಶನದ ದಿನದವರೆಗೆ ಯಾರ ಮೈಗೂ ತೊಡಿಸಬಾರದು. ತೊಡಿಸಿದರೆ ಅದೃಷ್ಟ ಸವೆಯುತ್ತದಂತೆ. ಮೇಜಿನ ಮೇಲೆ ಮಡಿಸಿ ಹೊಲಿಯುವಾಗ ಬಣ್ಣದ ಭೇದ ಕಾಣುವುದಿಲ್ಲ, ಹಾಗಾಗಿ ಆ ನೇಮ ಅವನ ಮೌನಕ್ಕೆ ಒಳ್ಳೆಯ ಜೊತೆಯಾಯಿತು.

ಪ್ರದರ್ಶನವಿದ್ದದ್ದು ಮೇರಿಲ್‌ಬೋನ್‌ನ ಒಂದು ಹಳೆಯ ಕವಾಯತು ಭವನದಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಪೆಟ್ರಾ ಎಂಬ ಮಾಡೆಲ್ ಹುಡುಗಿ ಗೌನು ತೊಟ್ಟು ದೀಪದ ಕೆಳಗೆ ನಿಂತಳು. ಹೊಲಿಗೆಯವರ ಮೇಸ್ತ್ರಿ, ಜಮೈಕಾದಿಂದ ಬಂದ ಎನಿಡ್ ಟಲಕ್, ಕೈಯಲ್ಲಿದ್ದ ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಹೊಲಿಗೆಯ ಒಂದು ಬದಿ ದ್ರಾಕ್ಷಾರಸದ ಬಣ್ಣ. ಇನ್ನೊಂದು ಬದಿ ಹತ್ತು ವರ್ಷ ಬಿಸಿಲಿಗೆ ಬಿದ್ದ ಪರದೆಯ ಬಣ್ಣ.

"ಯಾರದೋ ಹಳೇ ಸೋಫಾ ಕಿತ್ತು ಹೊಲ್ದಂಗಿದೆ" ಎಂದಳು ಎನಿಡ್. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ನೆಸ್ಟಾ ಹತ್ತಿರ ಹೋಗಿ ಬಟ್ಟೆಯ ಮೇಲೆ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಅಂಗೈ ಸವರಿದಳು. ಅವಳಿಗೆ ಅರ್ಥವಾದದ್ದು ಮುಖದಲ್ಲೇ ಕಾಣಿಸಿತು. ಯಾರನ್ನೂ ಬೈಯಲಿಲ್ಲ. ನಾನು ಕೋರಾದಲ್ಲಿ ಯೋಚಿಸಿದೆ, ಕೋರಾದಲ್ಲೇ ನಂಬಿದೆ ಎಂದಷ್ಟೇ ಹೇಳಿ ನೆಲದ ಮೇಲೆ ಕೂತುಬಿಟ್ಟಳು. ಈ ಗಳಿಗೆಗಾಗಿಯೇ ಮೂರು ವಾರ ಕಾದಿದ್ದ ಬಾರ್ನೆಟ್‌ಗೆ ಒಂದು ಚೂರೂ ಖುಷಿಯಾಗಲಿಲ್ಲ. ತಲೆ ತಗ್ಗಿಸಿ ಕೂತವಳ ಕತ್ತು ಹದಿನೇಳು ವರ್ಷದವಳ ಕತ್ತಿನಂತೆಯೇ ಸಣ್ಣಗಿತ್ತು, ಮತ್ತು ಅವನಿಗೆ ನಾಚಿಕೆಯಾಯಿತು.

ಕೊನೆಯ ಗೌನಿಲ್ಲದೆ ಮುಗಿಸಿಬಿಡೋಣ ಎಂದಳು ಎನಿಡ್. ನೆಸ್ಟಾಳ ಕಣ್ಣು ಮೂಲೆಯ ಹ್ಯಾಂಗರಿನ ಮೇಲೆ ನೆಟ್ಟಿತ್ತು. ಮಖಮಲ್ಲಿಗೆ ಧೂಳು ತಾಗದಿರಲೆಂದು ಅದರ ಮೇಲೆ ಕೋರಾ ಮಾದರಿಯನ್ನೇ ಹೊದಿಸಿ ವ್ಯಾನಿನಲ್ಲಿ ತಂದಿದ್ದರು. ಎದ್ದು ಹೋಗಿ ಅದನ್ನು ತೆಗೆದು, ಮಗುವಿನ ಅಂಗಿ ಬಿಚ್ಚುವಂತೆ ಒಳಗನ್ನು ಹೊರಗೆ ತಿರುವಿದಳು. ನೇರಳೆ ಬಾಣ, ನೇರಳೆ ಅಂಕಿ, ಗೆರೆಯ ಮೇಲೆ ಗೆರೆ. ಕುತ್ತಿಗೆಯಿಂದ ಪಾದದವರೆಗೆ ಸುತ್ತಿಳಿದ ಕತ್ತರಿಯ ದಾರಿ ಕಾಣುತ್ತಿತ್ತು; ಎಡ ಹೆಗಲ ಭಾಗ ಮಾತ್ರ ಅವಳ ಮುಷ್ಟಿಯ ಮಡಿಕೆಯಲ್ಲಿತ್ತು.

"ಇದನ್ನೇ ಹಾಕೋಣ. ಒಳಮೈ ಹೊರಗೆ. ನಾನು ಹೇಗೆ ಯೋಚನೆ ಮಾಡ್ತೀನಿ ಅಂತ ಎಲ್ಲರೂ ನೋಡ್ಲಿ."

ಬಾರ್ನೆಟ್ ಮುಂದೆ ಬಂದ. ಒಳಗೆಲ್ಲ ಗಲೀಜು, ಹೊರಮೈಯೇ ಇರಲಿ ಮೇಡಮ್ ಎಂದು ಹೇಳಿ ನೋಡಿದ. ಗಲೀಜೇ ಬೇಕು ಎಂದಳು. ಹಾಗಾದರೆ ಇಸ್ತ್ರಿಯನ್ನಾದರೂ ನಾನೇ ಹಾಕುತ್ತೇನೆ ಎಂದು ಅದನ್ನು ಕಸಿದುಕೊಂಡವನಂತೆ ತಡಿಕೆಯ ಹಿಂದೆ ಒಯ್ದ.

ಮೇಜಿನ ಮೇಲೆ ಹರಡಿದರೆ ಎಡ ಹೆಗಲ ಕೆಳಗೆ ಆ ಸಾಲು ರಾಜಾರೋಷವಾಗಿ ಕೂತಿತ್ತು. ನೀರು ತಾಗಿದರೆ ಇನ್ನಷ್ಟು ಹರಡಿ ಮಿನುಗುವ ಬಣ್ಣ ಅದು. ಮೇಲೆ ಪಟ್ಟಿ ಹೊಲಿದರೆ ತೇಪೆಯಾಗುತ್ತದೆ. ಉಳಿದದ್ದು ಕತ್ತರಿ. ಆ ಸಾಲಿನಗಲ ಕತ್ತರಿಸಿ ತೆಗೆದು, ಮಡಿಕೆ ಎಳೆದು ಹೊಲಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಗೌನಿನ ಭಾರವೆಲ್ಲ ತೂಗುವುದು ಅದೇ ಹೆಗಲಿಂದ. ಅಲ್ಲಿ ಕತ್ತರಿ ಬಿದ್ದರೆ ಸುತ್ತು ಪೂರ್ತಿ ಸಡಿಲಿ ಜೋತುಬೀಳುತ್ತದೆ. ಕತ್ತರಿಯ ಬಾಯಿ ತೆರೆದು ಬಟ್ಟೆಗೆ ಹಿಡಿದ. ಹೊರಗೆ ಸಾಲುಸಾಲಾಗಿ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಮೊದಲು ಬಾಯಿ ಮುಚ್ಚಿ ಅವಳನ್ನು ಕೆಡಿಸಿದೆ, ಈಗ ಕೈಯಿಂದಲೂ ಕೆಡಿಸಲೇ ಎಂದು ತನ್ನನ್ನೇ ಕೇಳಿಕೊಂಡ. ಕತ್ತರಿ ಮುಚ್ಚಿದ.

ಹೊರಗೆ ಬಂದು ಬಟ್ಟೆಯನ್ನು ಅವಳ ಕೈಗಿತ್ತು ಆ ಜಾಗಕ್ಕೆ ಬೆರಳಿಟ್ಟ.

"ನೆಸ್ಟಾ, ಇದನ್ನ ಓದು."

ಅವಳು ಓದಿದಳು. ಮತ್ತೆ ಓದಿದಳು.

"ಇದು ಯಾವತ್ತಿನದು?"

"ನೀನು ಬೈದ ದಿನದ್ದು."

"ಮೂರು ವಾರ." ಅವಳ ಧ್ವನಿ ಏರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. "ದಿನಾ ನನ್ನ ಜೊತೆ ಕೂತು ಟೀ ಕುಡಿದ್ರಿ, ಬಾರ್ನೆಟ್. ದಿನಾ ಸಕ್ಕರೆ ಎಷ್ಟು ಅಂತ ಕೇಳಿದ್ರಿ."

"ಹೌದು. ನೀನು ಬೀಳೋದನ್ನ ನೋಡ್ಬೇಕು ಅನ್ಸಿತ್ತು. ನೋಡಿದೆ. ಸಾಕು."

ಎನಿಡ್ ಅವನನ್ನು ನುಂಗುವ ಹಾಗೆ ನೋಡಿದಳು. ಗಂಟೆ ಮೂರಾಗಲು ಇಪ್ಪತ್ತು ನಿಮಿಷ. ನೆಸ್ಟಾ ಕೋರಾ ಗೌನನ್ನು ಪೆಟ್ರಾಗೆ ತೊಡಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದಳು. ಆಮೇಲೆ ಕೈ ಚಾಚಿದಳು.

"ಪೆನ್ಸಿಲ್ ಕೊಡಿ."

ಗೀಚಿ ಹಾಕುತ್ತಾಳೆ ಎಂದುಕೊಂಡ. ಕಿವಿಯ ಹಿಂದಿದ್ದದ್ದನ್ನು ತೆಗೆದುಕೊಟ್ಟ. ಅವಳು ಅವನಿಗೆ ಅಡ್ಡವಾಗಿ ನಿಂತು ಏನೋ ಮಾಡಿದಳು, ಪೆನ್ಸಿಲನ್ನು ಹಿಂದಿರುಗಿಸದೆ ಸಭೆಯ ಕಡೆಯ ಪರದೆಯ ಬಳಿಗೆ ಹೋದಳು. ಅವನು ಹ್ಯಾಟು ಎತ್ತಿಕೊಂಡ. ಇನ್ನು ಈ ಮನೆಯಲ್ಲಿ ತನ್ನ ಋಣ ಮುಗಿಯಿತು ಎಂದು ಖಾತ್ರಿಯಾಗಿತ್ತು. ಆದರೂ ಕೊನೆಯ ಗೌನು ಹೋಗುವುದನ್ನು ನೋಡದೆ ಹೊರಡಲು ಕಾಲು ಬರಲಿಲ್ಲ.

ಪ್ರದರ್ಶನದ ಮೊದಲ ನಲವತ್ತು ನಿಮಿಷ ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು, ದಾಕ್ಷಿಣ್ಯಕ್ಕೆ ಬೀಳುವ ಚಪ್ಪಾಳೆ. ಕೊನೆಗೆ ಪೆಟ್ರಾ ಹೋದಳು. ಮೊದಲು ಹಿಂದಿನ ಸಾಲಿನಲ್ಲಿ ನಗು. ಹೊಲಿಗೆ ಮುಗಿಸಲು ಹೊತ್ತು ಸಿಗಲಿಲ್ಲವೇನೋ ಎಂದು ಗಂಡಸೊಬ್ಬ ಜೋರಾಗಿಯೇ ಅಂದ. ಪೆಟ್ರಾ ನಡೆದು ಬಂದು, ಹೇಳಿಕೊಟ್ಟಂತೆ ಪರದೆಯ ಹತ್ತಿರದ ಮೊದಲ ಸಾಲಿಗೆ ಬೆನ್ನು ಕೊಟ್ಟು ನಿಂತಳು. ನಗು ನಿಂತಿತು. ಜನ ಕುರ್ಚಿಯಿಂದ ಮುಂದಕ್ಕೆ ಬಾಗಿ ಆ ಗೆರೆಗಳನ್ನು ಕಣ್ಣಲ್ಲೇ ಹಿಂಬಾಲಿಸತೊಡಗಿದರು.

ಕನ್ನಡಕ ಮರೆತು ಬಂದಿದ್ದ ಮುದುಕಿಯೊಬ್ಬಳು ಅಲ್ಲೇನು ಬರೆದಿದೆ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಓದಿದಳು. ಆ ನಿಶ್ಶಬ್ದದಲ್ಲಿ ಅದು ಪರದೆಯ ಹಿಂದಕ್ಕೂ ಸ್ಪಷ್ಟವಾಗಿ ಕೇಳಿತು.

"ಮಖಮಲ್ಲು ಬೇಡ. ಬಣ್ಣ ತಿರುಗುತ್ತೆ. ನಾನು ಹೇಳಲ್ಲ."

ತನ್ನ ಸಣ್ಣತನವನ್ನು ಪರಿಚಯವಿಲ್ಲದ ಹೆಂಗಸೊಬ್ಬಳು ಸಭೆಯಲ್ಲಿ ಓದುವುದನ್ನು ಬಾರ್ನೆಟ್ ಹ್ಯಾಟು ಎದೆಗೊತ್ತಿ ಹಿಡಿದು ಕೇಳಿದ.

"ಅದರ ಕೆಳಗೆ ಬೇರೆ ಕೈಬರಹ ಇದೆ" ಎಂದಳು ಓದುತ್ತಿದ್ದವಳು. "'ಹೇಳಿದ್ರು. ನಾನೇ ಬಾಯಿ ಮುಚ್ಚಿಸಿದೆ.'"

ಚಪ್ಪಾಳೆ ಯಾವಾಗ ಶುರುವಾಯಿತು ಎಂದು ಅವನಿಗೆ ನೆನಪಿಲ್ಲ. ಪರದೆಯ ಬಳಿ ನಿಂತಿದ್ದ ನೆಸ್ಟಾ ಅವನ ಕಡೆ ತಿರುಗಿ, ಹ್ಯಾಟು ಕೆಳಗಿಡಿ ಎಂದಳು. ಅವಳ ತುಟಿಯೂ ನಾಲಿಗೆಯೂ ನೇರಳೆಯಾಗಿದ್ದವು.