ಲೈನಿನಲ್ಲಿ ಗಲಾಟೆ

ದೀಪ ಸುಳ್ಳು ಹೇಳಿದ್ದು ಬುಧವಾರ. ಅದೂ ಫೋನಿನಲ್ಲಿ, ಅದೂ ಅತ್ತೆ ಚೆಲುವಮ್ಮನ ಕಣ್ಣೆದುರಿಗೇ.

ಆ ಕಡೆ ಇದ್ದವರು ಮೈಸೂರಿನ ಪ್ರಭುಸ್ವಾಮಿ, ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವವರು. ಇಂಗ್ಲಿಷ್ ಅಭ್ಯಾಸ ಪುಸ್ತಕದ ಪ್ರೂಫ್ ತಿದ್ದಲು ಮನೆಯಲ್ಲೇ ಕೂತು ಕೆಲಸ ಮಾಡುವವರು ಬೇಕೆಂದು ಪೇಪರಿನಲ್ಲಿ ಹಾಕಿಸಿದ್ದರು. "ಮನೇಲಿ ಇಂಟರ್ನೆಟ್ ಇದೆಯೇನಮ್ಮ?" ಎಂದು ಕೇಳಿದರು. ಹನೂರಿನ ಆ ಮನೆಯಲ್ಲಿ ಇದ್ದದ್ದು ಒಂದು ಹಳೇ ಕಂಪ್ಯೂಟರು, ಒಂದು ಫೋನು, ಎರಡಕ್ಕೂ ಮಾತುಕತೆಯೇ ಇರಲಿಲ್ಲ. ಆದರೂ ಇವಳ ಬಾಯಿಂದ ಬಂದದ್ದು, "ಇದೆ ಸರ್."

"ಸರಿ. ಶನಿವಾರ ನಾಲ್ಕು ಗಂಟೆಗೆ ಒಂದು ಪುಟ ಕಳಿಸ್ತೀನಿ. ಐದರೊಳಗೆ ತಿದ್ದಿ ವಾಪಸ್ ಕಳಿಸಿ. ಬಂದರೆ ಕೆಲಸ ನಿಮ್ಮದು, ಬರದಿದ್ರೆ ಇನ್ನೂ ಆರು ಜನ ಕಾಯ್ತಾ ಇದಾರೆ."

ಫೋನಿಟ್ಟ ಮೇಲೆ ಚೆಲುವಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಏನವ್ವ, ಇಲ್ದೇ ಇರೋದ್ನ ಅದೆ ಅಂದ್ಬುಟ್ಟೆ?"

"ಶನಿವಾರದೊತ್ಗೆ ಇರ್ತದೆ ಅತ್ತೆ," ಎಂದಳು ದೀಪ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ದೀಪ ಯಳಂದೂರು ಕಡೆಯ ಅಗರದ ಹುಡುಗಿ, ಬಿ.ಎ. ಮಾಡಿದವಳು, ಮದುವೆಗೆ ಮೊದಲು ಮೂರು ವರ್ಷ ಇಂಗ್ಲಿಷ್ ಪಾಠ ಹೇಳಿದವಳು. ಹನೂರಿಗೆ ಬಂದು ನಾಲ್ಕು ವರ್ಷ. ಅತ್ತೆ ಮಾವ ಒಳ್ಳೆಯವರೇ, ಗಂಡ ಮಾದು ಸಂಜೆ ಹೊಲದಿಂದ ಬಂದು ಹಿತವಾಗಿ ಮಾತಾಡುವವನೇ. ಆದರೂ ಕಲಿತದ್ದೆಲ್ಲ ಮೂಲೆಯಲ್ಲಿ ಮುಗ್ಗುತ್ತಿದೆಯಲ್ಲ ಎಂಬ ಸಂಕಟ ಅವಳಿಗೆ ಒಳಗೊಳಗೇ ಇತ್ತು. ಈ ಕೆಲಸ ಬೇಕಿತ್ತು, ಬೇಕೇ ಬೇಕಿತ್ತು.

ಕಂಪ್ಯೂಟರು ಕೊಳ್ಳೇಗಾಲದ ಮಹದೇವಯ್ಯನವರದು. ಅವರು ತಮ್ಮ ಕಂಪ್ಯೂಟರ್ ಕ್ಲಾಸು ಮುಚ್ಚಿದಾಗ ಮಾದು ಅಗ್ಗಕ್ಕೆ ತಂದದ್ದು. ಅದರೊಳಗೆ ವಿಂಡೋಸ್ ಇರಲಿಲ್ಲ, ಲಿನಕ್ಸ್ ಇತ್ತು. "ಸ್ವಲ್ಪ ಹಠಮಾರಿ ಕಣಮ್ಮ, ಆದ್ರೆ ಒಂದ್ಸಲ ಪಳಗಿದ್ರೆ ಕೈ ಬಿಡಲ್ಲ," ಎಂದಿದ್ದರು ಮಹದೇವಯ್ಯ. ಎಂಥ ಹಠಮಾರಿ ಎಂಬುದು ಗುರುವಾರ ಗೊತ್ತಾಯಿತು. ಕಂಪ್ಯೂಟರಿನ ಹೊಟ್ಟೆಯೊಳಗೇ, ಫೋನ್ ಲೈನಿನಿಂದ ಇಂಟರ್ನೆಟ್ ತರುವ ಮೋಡೆಮ್ ಒಂದಿತ್ತು, ಫೋನಿನ ವಯರು ಸಿಕ್ಕಿಸುವ ತೂತೂ ಇತ್ತು. ಲಿನಕ್ಸ್ ಮಾತ್ರ, ಯಾವ ಮೋಡೆಮ್ಮು, ಎಲ್ಲಿದೆ, ನನಗೆ ಗೊತ್ತೇ ಇಲ್ಲ ಎಂದು ಕೂತುಬಿಟ್ಟಿತು. ದೀಪ ಕೊಳ್ಳೇಗಾಲಕ್ಕೆ ಫೋನು ಮಾಡಿದಳು, ಒಂದಲ್ಲ, ಹನ್ನೊಂದು ಸಲ. ಕೊನೆಗೆ ಮಹದೇವಯ್ಯ, "ಒಳಗಿರೋ ಮೋಡೆಮ್ಮು ವಿಂಡೋಸ್ ಮಾತು ಬಿಟ್ಟು ಬೇರೆಯೋರ ಮಾತು ಕೇಳಲ್ಲಮ್ಮ. ನನ್ಹತ್ರ ಹೊರಗಡೆ ಇಡೋದೊಂದು ಬಿದ್ದದೆ, ನಿಮ್ಮೆಜಮಾನ್ರನ್ನ ಕಳ್ಸಿ," ಎಂದರು. ಪುಣ್ಯಾತ್ಮ ಮಾದು ಬೈಕಿನಲ್ಲಿ ಹೋಗಿ ಅದನ್ನೂ, ಒಂದು ಇಂಟರ್ನೆಟ್ ಕಾರ್ಡನ್ನೂ ತಂದುಕೊಟ್ಟ.

ಶುಕ್ರವಾರ ಬೆಳಿಗ್ಗೆಯಿಂದ ಅವಳದು ಒಂದೇ ತಪಸ್ಸು. ಮೋಡೆಮ್ ಯಾವ ಪೋರ್ಟಿನಲ್ಲಿದೆ ಎಂದು ಲಿನಕ್ಸಿಗೆ ಹೇಳಬೇಕು. ಎರಡನೆಯದು ಎಂದಳು, ಒಪ್ಪಲಿಲ್ಲ. ಮೊದಲನೆಯದು ಎಂದಳು, ಮೋಡೆಮ್ಮಿನ ಕೆಂಪು ದೀಪಗಳು ಮಿಣುಕಿದವು. ಕಾರ್ಡಿನ ಮೇಲಿದ್ದ ಫೋನ್ ನಂಬರು, ಹೆಸರು, ಗುಟ್ಟಿನ ಪದ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆಯಬೇಕು. ಒಂದಕ್ಷರ ತಪ್ಪಿದರೂ ಮುಖ ತಿರುಗಿಸಿಕೊಳ್ಳುತ್ತದೆ. ಸಾಂಬಾರು ಸೀದುಹೋಯಿತು, ಯಾರೂ ಬಯ್ಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೋಡೆಮ್ಮು ನಂಬರು ಒತ್ತಿ, ಕಿರ್ರೋ ಎಂದು ಕಿರುಚಿ, ಸುಮ್ಮನಾಯಿತು. ಸಂಪರ್ಕ ಸಿಕ್ಕಿತ್ತು! ದೀಪ ಕುರ್ಚಿಯಿಂದ ಎಗರಿ ನಿಂತಳು.

ಎರಡೇ ನಿಮಿಷ. ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು. ಸಂಪರ್ಕವನ್ನು ಹಿಡಿದಿಡುವ ಪಿಪಿಪಿ ಡೀಮನ್ ಎಂಬ ಪ್ರೋಗ್ರಾಮು ಸತ್ತಿದೆ ಎಂದು ಇಂಗ್ಲಿಷಿನಲ್ಲಿ.

"ಥೂ, ಸತ್ತೋಯ್ತು!" ಎಂದು ದೀಪ ಹಣೆ ಚಚ್ಚಿಕೊಂಡಳು.

ಅಡುಗೆಮನೆಯಿಂದ ಚೆಲುವಮ್ಮ ಓಡಿ ಬಂದಳು. "ಯಾರವ್ವ ಸತ್ತೋರು?"

"ಡೀಮನ್ನು ಅತ್ತೆ."

"ಅಯ್ಯೋ ಪಾಪ. ಯಾವೂರೋರು?"

ನಗಬೇಕೋ ಅಳಬೇಕೋ ತಿಳಿಯದೆ ದೀಪ ಮತ್ತೆ ನಂಬರು ಒತ್ತಿಸಿದಳು. ಮತ್ತೆ ಸಿಕ್ಕಿತು, ಮತ್ತೆ ಸತ್ತಿತು. ಒಮ್ಮೆ ನಾಲ್ಕು ನಿಮಿಷ, ಒಮ್ಮೆ ಒಂದೇ ನಿಮಿಷ. ಅವಳು ಫೈಲನ್ನು ತಿದ್ದಿದಳು, ವೇಗ ಇಳಿಸಿದಳು, ವಯರು ಬದಲಾಯಿಸಿದಳು. ಶುಕ್ರವಾರ ಹಾಗೇ ಕಳೆಯಿತು. ಶನಿವಾರ ಮಧ್ಯಾಹ್ನವೂ ಅದೇ ಗೋಳು.

"ಕೊಳ್ಳೇಗಾಲಕ್ಕೆ ಓಗಿ ಅಲ್ಲಿಂದ್ಲೇ ಕಳಿಸ್ಬುಡು, ಬಸ್ ಅದೆ," ಎಂದಳು ಚೆಲುವಮ್ಮ.

"ಇವತ್ತು ಅಲ್ಲಿಗೋದ್ರೆ ನಾಳೆ? ದಿನಾ ಓಗಕ್ಕಾಯ್ತದಾ ಅತ್ತೆ? ಇಲ್ಲೇ ಆಗ್ಬೇಕು."

ನಾಲ್ಕು ಹೊಡೆಯಿತು. ನಾಲ್ಕೂ ಹತ್ತಕ್ಕೆ ಸಂಪರ್ಕ ಸಿಕ್ಕಿ, ಪ್ರಭುಸ್ವಾಮಿಯವರ ಇ-ಮೇಲ್ ಬಂದಿರುವುದು ಕಾಣಿಸಿ, ತೆರೆಯುವಷ್ಟರಲ್ಲಿ ಕಡಿದುಹೋಯಿತು. ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಹಾಗೇ. ದೀಪಳ ಕಣ್ಣಲ್ಲಿ ನೀರು ತುಂಬಿತು. ಮುಖ ತೊಳೆಯೋಣವೆಂದು ಎದ್ದು ಹೊರಗೆ ಬಂದವಳು ಜಗುಲಿಯ ಬಾಗಿಲಲ್ಲೇ ನಿಂತುಬಿಟ್ಟಳು.

ಜಗುಲಿಯ ಮೇಲೆ ಮಾವ ಶಿವನಂಜಯ್ಯ ಕೂತಿದ್ದ. ಕಿವಿಗೆ ಫೋನು, ಕಣ್ಣು ಮುಚ್ಚಿದೆ, ಹುಬ್ಬು ಗಂಟಿಕ್ಕಿದೆ.

ಶಿವನಂಜಯ್ಯ ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನು. ಗೋಪಿನಾಥಂ ಕಾಡಿನವರೆಗೂ ಕಂಬ ಹತ್ತಿದವನು. ನಿವೃತ್ತಿಯಾದ ಮೇಲೆ ತನ್ನ ಕೈಯಾರೆ ಒಳಗಿನ ಫೋನಿನಿಂದ ವಯರೆಳೆದು ಜಗುಲಿಗೊಂದು ಪ್ಯಾರಲಲ್ ಫೋನು ಕೂರಿಸಿಕೊಂಡಿದ್ದ. ಯಾರಿಗೂ ಮಾತಾಡಲಲ್ಲ. ಆಗಾಗ ಎತ್ತಿ, ಟೋನು ಬರುತ್ತಿದೆಯಾ ಎಂದು ಕೇಳಿ, ಇಡುತ್ತಿದ್ದ, ಅಷ್ಟೇ. ಮನೆಯವರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಅವನು ಎತ್ತುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಬಾರವ್ವ," ಎಂದ ಕಣ್ಣು ತೆರೆದು. "ನೆನ್ನೆಯಿಂದ ಈ ಲೈನ್ನಾಗೆ ಗಲಾಟೆ ಅದೆ. ಗರ್ರ್ ಅಂತದೆ, ಕಿರ್ರ್ ಅಂತದೆ. ಐದೈದ್ ನಿಮ್ಸಕ್ಕೂ ನೋಡ್ತಾವ್ನಿ. ಎಕ್ಸ್‌ಚೇಂಜ್ಗೂ ಓಗಿ ಏಳಿ ಬಂದಿವ್ನಿ, ನಿನ್ ಕೆಲ್ಸಕ್ಕೆ ತೊಂದ್ರೆ ಆಗ್ಬಾರ್ದು ಅಂತ."

ದೀಪಳಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಆದರೆ ಹೇಳುವುದು ಹೇಗೆ? ಮಾವನಿಗೆ ಎದುರು ನಿಂತು ಇದುವರೆಗೆ ಒಂದು ಮಾತು ಆಡಿದವಳಲ್ಲ. ಅದರಲ್ಲೂ ಲೈನಿನ ವಿಷಯದಲ್ಲಿ, ಮೂವತ್ತೊಂದು ವರ್ಷದ ಅನುಭವಸ್ಥನಿಗೆ! ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಮಾವ, ಆ ಗಲಾಟೆ ನಂದೇ."

"ಆಂ?"

"ಕಂಪ್ಯೂಟ್ರು ಮಾತಾಡೋದು ಅಂಗೇ ಕೇಳ್ಸೋದು. ನೀವು ಎತ್ತುದ್ರೆ ಕಡಿದೋಯ್ತದೆ."

ಶಿವನಂಜಯ್ಯ ಕೈಯಲ್ಲಿದ್ದ ಫೋನನ್ನು ನೋಡಿದ, ಸೊಸೆಯ ಒದ್ದೆ ಕಣ್ಣು ನೋಡಿದ. "ಅಂಗಾದ್ರೆ ನೆನ್ನೆಯಿಂದ ಕಡೀತಾ ಇದ್ದೋನು ನಾನೇಯಾ?"

"ಊಂ ಮಾವ."

"ಅಯ್ಯೋ, ನನ್ ಕೈ ಸೇದೋಗಾ! ಮದ್ಲೇ ಬಾಯ್ಬುಟ್ಟು ಏಳ್ಬಾರ್ದೇನವ್ವ!" ಎಂದವನೇ ಒಳಗೆ ನುಗ್ಗಿದ. ಬರುವಾಗ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಬಾಗಿಲ ಚೌಕಟ್ಟಿನ ಗುಂಟ ತಾನೇ ಮೊಳೆ ಹೊಡೆದು ಅಂದವಾಗಿ ಎಳೆದಿದ್ದ ವಯರನ್ನು ಹಿಂದೆ ಮುಂದೆ ನೋಡದೆ ಚಕ್ಕನೆ ಕತ್ತರಿಸಿದ. "ಓಗು, ಈಗ್ ಒತ್ತು. ಯಾವನ್ ಕಡೀತಾನೋ ನೋಡಾನ."

ಮೋಡೆಮ್ಮು ಕಿರುಚಿತು, ಸುಮ್ಮನಾಯಿತು. ಒಂದು ನಿಮಿಷ, ಐದು ನಿಮಿಷ, ಸಾಯಲಿಲ್ಲ. ಪುಟ ಬಂತು. ದೀಪ ಒಂದೊಂದಕ್ಷರವನ್ನೂ ಬಿಡದೆ ಓದಿದಳು. ಹದಿನಾಲ್ಕು ತಪ್ಪು ಸಿಕ್ಕವು. ಇನ್ನೊಂದು ಸಲ ಓದಿದಾಗ ಹದಿನೈದನೆಯದು ಸಿಕ್ಕಿತು. ಐದಕ್ಕೆ ಮೂರು ನಿಮಿಷ ಇರುವಾಗ ವಾಪಸ್ ಕಳಿಸಿದಳು. ಆಮೇಲೆ ಮೂವರೂ ಪರದೆಯ ಮುಂದೆ ಉತ್ತರ ಕಾಯುತ್ತ ಕೂತರು.

ಐದೂ ಕಾಲಿಗೆ ಉತ್ತರ ಬಂತು. ಪ್ರಭುಸ್ವಾಮಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ದೀಪ ಗಟ್ಟಿಯಾಗಿ ಓದಿ ಹೇಳಿದಳು:

"ಹದಿನೈದೂ ಸರಿ. ನಿಜ ಹೇಳಬೇಕೆಂದರೆ ಹನೂರಿನಲ್ಲಿ ಮನೆಯಲ್ಲೇ ಇಂಟರ್ನೆಟ್ ಇದೆ ಅಂದಾಗ ನಾನು ನಂಬಿರಲಿಲ್ಲ. ಪರೀಕ್ಷಿಸೋಣ ಅಂತ ನಿನ್ನೆಯಿಂದ ನಿಮ್ಮ ಮನೆಗೆ ಫೋನ್ ಮಾಡ್ತಾನೇ ಇದ್ದೀನಿ. ಯಾವಾಗ ಮಾಡಿದರೂ ಎಂಗೇಜ್! ಇಷ್ಟು ಹೊತ್ತು ಇಂಟರ್ನೆಟ್ಟಿನಲ್ಲಿ ಇರುವವರು ನಮ್ಮ ಮೈಸೂರಿನಲ್ಲೂ ಇಲ್ಲ. ಸೋಮವಾರದಿಂದ ದಿನಕ್ಕೆ ಹತ್ತು ಪುಟ ಕಳಿಸುತ್ತೇನೆ."

ದೀಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಚೆಲುವಮ್ಮ ಅವಳ ಕೆನ್ನೆ ಸವರಿ ಲಟಿಕೆ ಮುರಿದಳು. ಶಿವನಂಜಯ್ಯನಿಗೆ ಎಲ್ಲ ತಿಳಿಯಿತೋ ಇಲ್ಲವೋ, ಕೆಲಸ ಸಿಕ್ಕಿದ್ದಂತೂ ತಿಳಿಯಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಸೀದಾ ಬೀದಿಗೆ ಹೋದ. ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಯಾರನ್ನೋ ತಡೆದು ನಿಲ್ಲಿಸಿದ್ದು ಕಿಟಕಿಯಲ್ಲಿ ಕಾಣಿಸಿತು.

"ಲೇ, ನಿಂತ್ಕಳ್ಳಾ. ನಮ್ ದೀಪಂಗೆ ಕೆಲ್ಸ ಆಯ್ತು ಕಣ್ಲಾ! ಇಂಗ್ಲೀಸು ಪುಸ್ತಕ ತಿದ್ದೋದು. ಮೈಸೂರೋರು ತಪ್ ಮಾಡ್ತಾರೆ, ನಮ್ಮುಡ್ಗಿ ಇಲ್ಲೇ ಕುಂತ್ಕಂಡು ಸರಿ ಮಾಡ್ತಾಳೆ."

ನಾಲ್ಕು ವರ್ಷದಲ್ಲಿ ಮಾವ ಅವಳ ಹೆಸರನ್ನು ಬೀದಿಯಲ್ಲಿ ನಿಂತು ಹೇಳಿದ್ದು ಅದೇ ಮೊದಲು. ದೀಪ ಅಷ್ಟು ಹೊತ್ತು ತಡೆದಿಟ್ಟ ಅಳುವೆಲ್ಲ ಆಗ ಬಂತು. ಅತ್ತೆಯ ಸೆರಗು ಹಿಡಿದುಕೊಂಡು ಅವಳು ಮನಸಾರೆ ಅತ್ತಳು.